ಹಾಲಿನ ಲೆಕ್ಕ

ಪಾಸ್ಟರ್ ಮುಂದ ಲಗ್ನದ ಫಾರಂ ಅದ.
ಹುಡುಗಿಯ ತಂದೆ ಅನ್ನೋ ಜಾಗಕ್ಕ ಬಂದು
ಪೆನ್ನು ನಿಂತದ.
ಫ್ಯಾನಿನ ಗಾಳಿಗೆ ಹಾಳಿ ಹಾರದಂಗ
ಮೊಣಕೈ ಊರಿ ಕುಂತಾರ.

ಸುಗುಣಾ ಸಿಸ್ಟರ್ ಬಾಯಿ ತೆಗೀಲಿಲ್ಲ.
ಮೂವತ್ತನಾಲ್ಕು ವರ್ಷ ಹೆರಿಗಿ ವಾರ್ಡಿನಾಗ
ಮಂದಿ ಮಕ್ಕಳ ಹೊಕ್ಕಳಬಳ್ಳಿ ಕತ್ತರಿಸಿದ ಕೈ
ಉಡಿಯಾಗ ಸುಮ್ಮನ ಬಿದ್ದದ.
ಲಗ್ನ ಆಗದಾಕಿ.
ಒಂದು ಜನವರಿ ನಸುಕಿನಾಗ ಯಾರೋ ಹೆತ್ತು
ಮಂಚ ಖಾಲಿ ಮಾಡಿ ಹೋದರ,
ಉಳಿದ ಕೂಸಿನ್ನ, ಕೋರ್ಟಿಗೆ ಆರು ಸಲ ತಿರುಗಿ,
ತನ್ನ ಹೆಸರಿಗೆ ಬರಸಿಕೊಂಡಾಕಿ.
ಜೆಮೀಮಾ ಅಂತ ಕರದಳು.
ಯೋಬನ ಮಗಳ ಹೆಸರಂತ ಅದು,
ಅಪ್ಪ ಆಸ್ತಿಯಾಗ ಪಾಲು ಕೊಟ್ಟ ಮಗಳು.
ನಮ್ಮ ಓಣಿ ಬಾಯಾಗ ಜಮ್ಮಿ ಆದಳು.

ದೀಕ್ಷಾಸ್ನಾನಕ್ಕ ಹಿಂದಿನ ಪಾಸ್ಟರ್ ನಾಲ್ಕು ತಿಂಗಳು ಕಾಯಿಸಿದರು.
ಗಂಡನಿಲ್ಲದಾಕಿ ತೊಟ್ಟಿಲು ಕಟ್ಟಿದರ
ಸಭಿ ಏನಂತದ ತಂಗಿ, ಅಂದರು.
ಹಂಗಂದ ಸಭಿಯ ಹೆಣ್ಣುಮಕ್ಕಳೇ
ಹಳದಿ ಉಣ್ಣಿ ಸ್ವೆಟರು ಹೆಣದು ಕಳಿಸಿದ್ದರು,
ಯಾರು ಹೆಣದದ್ದು ಅಂತ ಚೀಟಿ ಇಲ್ಲದ.

ಆ ಥಂಡಿಯಾಗ ನಾನೂ ಎದಿಹಾಲಿನ ಕೂಸು.
ಡಬ್ಬಿ ಹಾಲು ಜಮ್ಮಿಗೆ ಒಗ್ಗಲಿಲ್ಲ.
ನಡು ಗೋಡಿ ಮ್ಯಾಲಿಂದ
ಆಕಿನ್ನ ಈ ಕಡಿ ಇಸಗೊಂಡಾಕಿ ರುಖಿಯಾ ಆಪಾ,
ಏಳು ವರ್ಷದಾಕಿ, ತೂಕಕ್ಕ ಬಗ್ಗಿ.
ಅಮ್ಮಿ ಸೆರಗು ಸರಿಸಿದಳು.
ಯಾರನ್ನೂ ಕೇಳಲಿಲ್ಲ.

ಕೇಳಿದ್ದು ಆಮ್ಯಾಲ, ಅಬ್ಬಾ, ಮಸೀದಿಗೆ ಹೋಗಿ.
ಮೌಲಾನಾ ಗಡ್ಡ ನೀವಿದರು:
ಒಂದೇ ಗುಟುಕಾದರೂ ಸಾಕು.
ಇನ್ನು ಆಕಿ ನಿನ್ನ ಮಗನ ತಂಗಿ.
ಲಗ್ನ ಹರಾಮ್, ಪರದೆ ಬ್ಯಾಡ.
ಹೆಸರು ಬದಲಿಸಬ್ಯಾಡ್ರಿ, ಪಾಲೂ ಇಲ್ಲ.
ಅಬ್ಬಾ ಮನಿಗೆ ಬಂದು ಹೇಳಿದಾಗ
ಅಮ್ಮಿ ನಕ್ಕಳಂತ:
ಗುಟುಕು ಎಣಿಸಾಕ ನನಗ ಪುರಸತ್ತು ಎಲ್ಲಿತ್ತು?

ಇಷ್ಟು ಕೇಳಿ
ನಾ ದೊಡ್ಡ ಮನಸಿನವ ಅಂತ ತಿಳೀಬ್ಯಾಡ್ರಿ.
ಹುಮನಾಬಾದದಿಂದ ರುಖಿಯಾ ಆಪಾ
ಎರಡು ಮಕ್ಕಳ ಕೈ ಹಿಡಕೊಂಡು ಬಂದಾಗ
ಸಹಿಸು ಅಂದೆ, ಬಸ್ಸಿಗೆ ಕೂಡಿಸಿದೆ.
ಎರಡನೇ ಸಲಾನೂ ಕೂಡಿಸಿದೆ, ಟಿಕೀಟು ನಾನೇ ತೆಗೆಸಿದೆ.
ಮೂರನೇ ಸಲ ಖುಲಾ ಅಂದಳು.
ಬಿದ್ರಿ ಹೂಜಿಗೆ ಬೆಳ್ಳಿ ತಂತಿ ಬಡೀತಿದ್ದೆ,
ತಲಿ ಎತ್ತಲಿಲ್ಲ.
ಮನಿತನ ಅಂತ ಒಂದಿರತದ, ಅಂದೆ.
ಯಾವ ಮನಿ, ಅಂದಳು.
ಚಿಲಕ ಹಾಕಿದ ಸಪ್ಪಳ ನನ್ನ ಕೈದೇ.
ಆ ರಾತ್ರಿ ಆಪಾ ಗೋಡಿಯ ಆ ಕಡಿ ಮಲಗಿದಳು.
ಒಂಬತ್ತು ವರ್ಷ ಆತು, ಅಲ್ಲೇ ಇದ್ದಾಳ.
ಮುಂದಿನ ಖೋಲಿಯಾಗ ಹೊಲಿಗಿ ಮಷೀನು,
ಒಂದೇ ಒಲಿ, ಎರಡು ಪ್ರಾರ್ಥನಿ.
ಶುಕ್ರವಾರ ಆಕಿ ಬಟ್ಟಿ ಒಗಿಯಾಂಗಿಲ್ಲ,
ರವಿವಾರ ಈಕಿ.
ಗಂಡಸಿಲ್ಲದ ಮನಿ, ಅಂತದ ಮಂಗಲಪೇಟಿ.
ನಮ್ಮ ಕಡಿಯವರೂ ಹಂಗೇ ಅಂತಾರ.
ಈ ಒಂದು ಮಾತಿನಾಗ ಮಾತ್ರ
ಎರಡೂ ಕಡಿ ಜಗಳ ಇಲ್ಲ.

ಈಗ ಪಾಸ್ಟರ್ ಕೇಳ್ತಾರ:
ಹುಡುಗಿ ಕೈ ಹಿಡದು
ಗುಡಿಯಾಗ ನಡಸಿಕೊಂಡು ಬರೋರು ಯಾರು?
ಜಮ್ಮಿ ನನ್ನ ಕಡಿ ಬೊಟ್ಟು ಮಾಡ್ಯಾಳ.
ಅವರ ಕಣ್ಣು ನನ್ನ ಟೊಪ್ಪಿಗಿ ಮ್ಯಾಲ ಒಂದು ಗಳಿಗಿ.
ಇವರು ಏನಾಗಬೇಕು?
ಹಾಲಣ್ಣ, ಅಂದಳು ಜಮ್ಮಿ.
ಆ ಕಾಲಂ ಇದರಾಗ ಇಲ್ಲಲ್ಲವ್ವ, ಅಂದರು,
ಸಿಟ್ಟಿನಿಂದಲ್ಲ, ಹಾಳಿ ತಿರುವಿ ಹುಡುಕಿ.

ಬಾಗಲಾಗ ನಿಂತ ಆಪಾ,
ಬಾಯಾಗಿನ ಗುಂಡುಪಿನ್ನು ತೆಗೆದು,
ಒಂಬತ್ತು ವರ್ಷದಾಗ ಮೊದಲ ಸಲ
ನನ್ನ ಹೆಸರು ಹಿಡದಳು:
ಮುನೀರ,
ಪಾಸ್ಟರಿಗೆ ಇದನ್ನೂ ಹೇಳು,
ನಾ ನಿನಗ ಏನಾಗಬೇಕು?

ಫ್ಯಾನು ತಿರುಗ್ತದ.
ಉಗುರಿನಾಗ ಕ್ವಾಟಿ ಮಣ್ಣು ಕರ್ರಗ.
ಜಮ್ಮಿ ಆ ಕೈಯನ್ನೇ ಹಿಡದು ಕುಂತಾಳ,
ಬಿಡವಲ್ಲಳು.