ಅಕ್ರಮ–ಸಕ್ರಮ

ಕೆಂಟಕಿಯ ಬೆಟ್ಟಸಾಲಿನ ಸಂದಿಯಲ್ಲೊಂದು ಸಣ್ಣ ಕೋರ್ಟು.
ಐವತ್ತೆಂಟನೇ ಇಸವಿ, ಮಾರ್ಚ್, ಬುಧವಾರ.
ಕಲ್ಲಿದ್ದಲ ಗಣಿ ಕುಸಿದು ಸತ್ತವರು ಮೂವರು,
ಉಳಿದವನು ಹೋಬರ್ಟ್ ಸ್ಟಿಡಮ್.
ಕಟಕಟೆಯಲ್ಲಿ ಕೂತಿದ್ದಾನೆ
ಟೋಪಿಯನ್ನು ಮಂಡಿಯ ಮೇಲೆ ಬೋರಲು ಹಾಕಿಕೊಂಡು.

ತಮ್ಮನಿಗೆ ಕೈಕೊಟ್ಟೆ ಎನ್ನಲು 'ಹೋಲ್ಪ್' ಅಂದ.
ಏಣಿ ಹತ್ತಿದೆ ಎನ್ನಲು 'ಕ್ಲಂಬ್'.
ಮೇಸ್ತ್ರಿಗೆ ಮೊದಲೇ ಗೊತ್ತಿತ್ತು ಎನ್ನುವಲ್ಲಿ 'ನೋಡ್' ಅಂದ.
ನನ್ನ ಕಿವಿಗೆ ಇದೊಂದು ಕನ್ನಡವೇ:
ಅವನಿಗೆ ಗೊತ್ತಿತ್ತು, ನೋಡ್.

ಎಲ್ಸ್‌ಪೆತ್ ಡಾಲ್‌ಗ್ಲೀಶ್ ಶೀಘ್ರಲಿಪಿ ಯಂತ್ರದ ಮುಂದೆ.
ಯಂತ್ರಕ್ಕೆ ವ್ಯಾಕರಣವಿಲ್ಲ,
ಕೇಳಿದ್ದನ್ನು ಕೇಳಿದ ಹಾಗೇ ಕಾಗದದ ಪಟ್ಟಿಗೆ ಉಗುಳುತ್ತದೆ.
ವ್ಯಾಕರಣವೆಲ್ಲ ರಾತ್ರಿಯ ಪಾಳಿಗೆ:
ಬಾಡಿಗೆ ಕೋಣೆ, ಟೈಪ್‌ರೈಟರ್, ಆರಿದ ಚಹಾ.
ಹೋಲ್ಪ್ ಹೋಗಿ ಹೆಲ್ಪ್ಡ್ ಆಯಿತು,
ಕ್ಲಂಬ್ ಹೋಗಿ ಕ್ಲೈಮ್ಡ್.
ಪಟ್ಟಾ ಇಲ್ಲದವರಿಗೆ ಪಟ್ಟಾ ಬರೆದುಕೊಟ್ಟಂತೆ
ಒಂದೊಂದೇ ಅಕ್ರಮ, ಒಂದೊಂದೇ ಸಕ್ರಮ.
ಉಪಕಾರವೆಂದೇ ಮಾಡಿದಳು, ಪಾಪ.

ಲೀತ್ ಬಂದರಿನ ಶಾಲೆಯಲ್ಲಿ, ಏಳರ ವಯಸ್ಸಿನಲ್ಲಿ,
ಅಮ್ಮ ಹೇಳಿದಳು ಎನ್ನಲು 'ಟೆಲ್ಟ್' ಎಂದಿದ್ದಳು ಅವಳು.
ಟೋಲ್ಡ್! ಎಂದರು ಮೇಷ್ಟ್ರು.
ಚರ್ಮದ ಪಟ್ಟಿ ಅಂಗೈಗೆ ಎರಡು ಸಲ,
ಕ್ರಿಯಾಪದಕ್ಕೊಂದು, ಅತ್ತಿದ್ದಕ್ಕೊಂದು.
'ಗಾಟನ್' ಎಂದು ಬರೆದರೂ ಅಲ್ಲಿ ಕೆಂಪು ಗೆರೆ;
ಇಲ್ಲಿ ಕಂಪನಿಯ ವಕೀಲ ಅದೇ ಗಾಟನ್ನನ್ನು
ವೇಸ್ಟ್‌ಕೋಟಿನ ಹಾಗೆ ತೊಟ್ಟು ತಿರುಗುತ್ತಾನೆ.
ಕಾರ್ಮಿಕರಿಗೆಲ್ಲ ಎಚ್ಚರಿಕೆಯ ನೋಟೀಸು ಸಿಕ್ಕಿತ್ತಂತೆ. ಗಾಟನ್, ಸ್ವಾಮಿ.
ಅದನ್ನು ಯಾರೂ ತಿದ್ದುವುದಿಲ್ಲ. ಅವಳೂ ತಿದ್ದಲಿಲ್ಲ.
ಯಾವ ಭೂತಕ್ಕೆ ಮಣೆ, ಯಾವ ಭೂತಕ್ಕೆ ಬೆತ್ತ
ಎಂಬ ಲೆಕ್ಕ ಊರಿಗೊಂದು.

ಗುರುವಾರ ಸಹಿಗೆ ಕರೆದರು.
ಸ್ಟಿಡಮ್‌ಗೆ ಓದು ಬಾರದು;
ಮಗಳು ವರ್ಡೀ, ಹನ್ನೊಂದರವಳು, ಬೆರಳಿಟ್ಟು ಓದಿದಳು.
ಎರಡನೇ ಪುಟದಲ್ಲಿ ಅವನು ಕೈ ಎತ್ತಿದ.
"ಈ ಹೆಲ್ಪ್ಡ್ ಅನ್ನೋನು ಯಾರು? ಆವತ್ತು ಕೆಳಗಿದ್ನಾ?"
ವಕೀಲ ನಕ್ಕ. ಎರಡರ ಅರ್ಥವೂ ಒಂದೇ ಅಲ್ಲವೇನಯ್ಯಾ.
"ಅರ್ಥ ನೀವೇ ಇಟ್ಕೊಳ್ಳಿ.
ಆ ಕತ್ತಲಲ್ಲಿ ಆರ್ವಿಲ್‌ನ ಕಂಕುಳಿಗೆ ಕೈ ಹಾಕಿ ಎಳೆದೆ,
ಅರ್ಧ ಬಂದ.
ನನ್ನ ಕೈಲಿ ಆಗಿದ್ದು ಹೋಲ್ಪ್, ಅಷ್ಟೇ.
ಹೆಲ್ಪ್ಡ್ ಅನ್ನೋನು ಮೇಲೆ ಆಫೀಸಲ್ಲಿ ಕೂತಿರಬೇಕು."
ಸಹಿ ಹಾಕಲಿಲ್ಲ.

ಆ ರಾತ್ರಿ ಎಲ್ಸ್‌ಪೆತ್ ಕಸದ ಬುಟ್ಟಿಯಿಂದ
ಕಾಗದದ ಪಟ್ಟಿಯನ್ನು ಮೊಳಗಟ್ಟಲೆ ಎಳೆದು ತೆಗೆದಳು.
ಚಹಾ ಎಲೆ ಅಂಟಿತ್ತು. ಒರೆಸಿ, ದೀಪಕ್ಕೆ ಹಿಡಿದು,
ಹೋಲ್ಪ್‌ಗೆ ಹೋಲ್ಪ್, ಕ್ಲಂಬ್‌ಗೆ ಕ್ಲಂಬ್,
ಸುಲಿದ ಚರ್ಮವನ್ನು ಮರಳಿ ಹೊದಿಸಿದ ಹಾಗೆ.
ಕೆಲಸ ಮುಗಿದಾಗ ಎರಡೂವರೆ.

ಶುಕ್ರವಾರ ವರ್ಡೀ ನಾಲ್ಕನೇ ಪುಟದಲ್ಲಿ ತಡವರಿಸಿದಳು.
"ಮೇಸ್ತ್ರಿಗೆ ಎರಡು ಸಲ... ಇದೇನಪ್ಪಾ, ಟೆಲ್ಟ್?"
ಸ್ಟಿಡಮ್ ಮತ್ತೊಮ್ಮೆ ಓದಿಸಿದ.
ಬಾಯೊಳಗೇ ಆಡಿಸಿ ನೋಡಿದ.
"ಇದು ನನ್ನದಲ್ಲ."

"ಅಲ್ಲ," ಎಂದಳು ಎಲ್ಸ್‌ಪೆತ್, "ನನ್ನದು."

ಸ್ಕೇಲು ಇಟ್ಟು ಗೆರೆ ಎಳೆದಳು, ಮೇಲೆ ಟೋಲ್ಡ್ ಎಂದು ಬರೆದಳು.
ನಿಯಮದಂತೆ ಅಂಚಿನಲ್ಲಿ ಇಬ್ಬರ ಗುರುತು:
ಅವಳ ಹೆಸರಿನ ಎರಡಕ್ಷರ,
ಅವನ ಒಂದು ಗುಣಿಸುವ ಚಿಹ್ನೆ.
ಮಸಿ ಒಣಗುವ ತನಕ ಇಬ್ಬರೂ ಏಳಲಿಲ್ಲ.

ತೀರ್ಪು ಬೇಸಿಗೆಯಲ್ಲಿ ಬಂತು.
ಅದರಲ್ಲಿ ಯಾರೂ ಏನೂ ಮಾಡಿರಲಿಲ್ಲ.
ಯಾರಿಗೂ ಏನೂ ಗೊತ್ತಿರಲಿಲ್ಲ.
ಛಾವಣಿ ಬಿತ್ತು, ಎಂದಿತ್ತು. ಫೆಲ್.
ಮೇಷ್ಟ್ರಿಗೂ ವಕೀಲನಿಗೂ ಬೆಟ್ಟದವರಿಗೂ ಒಪ್ಪುವ ರೂಪ,
ತಿದ್ದಲು ಅಲ್ಲಿ ಏನೂ ಇರಲಿಲ್ಲ.