ಅಳತೆ ಪುಸ್ತಕ

ಸಾಗರದ ಪೇಟೆಬೀದಿಯಲ್ಲಿ ನಮ್ಮ ಹೊಲಿಗೆ ಅಂಗಡಿ.
ಅಪ್ಪನ ಅಳತೆ ಪುಸ್ತಕದ ನಲವತ್ತೊಂದನೇ ಪುಟ:
ಧರಣಪ್ಪ ಹೆಗ್ಡೆ, ಕಲ್ಲುಕೊಪ್ಪ.
ಅಷ್ಟೇ. ಶ್ರೀ ಇಲ್ಲ, ಮಾನ್ಯ ಇಲ್ಲ.
ಟೇಪಿಗೆ ಎಲ್ಲರೂ ಬರೀ ಇಂಚು ಕಣೋ, ಅನ್ನುತ್ತಿದ್ದ ಅಪ್ಪ.

ಮೂವತ್ತೊಂಬತ್ತನೇ ಇಸವಿ. ಎದೆ ಮೂವತ್ತಮೂರು.
ಪ್ರಜಾಪ್ರತಿನಿಧಿ ಸಭೆಗೆ ಕರಿ ಕೋಟು;
ಬಟ್ಟೆ ಮಾವನದು, ಕೂಲಿ ಬಾಕಿ.
ಮೈಸೂರಿನ ದಸರೆ ಅಧಿವೇಶನದಲ್ಲಿ ಎದ್ದು
ಆನೆ ತುಳಿದ ಗದ್ದೆಗೆ ಕಂದಾಯ ಕೇಳಬೇಡಿ ಅಂದರಂತೆ.
ಸಭೆ ನಕ್ಕಿತಂತೆ.
ನಕ್ಕವರ ಅಳತೆ ನಮ್ಮಲ್ಲಿಲ್ಲ.

ನಲವತ್ತೇಳರ ಎದುರಿಗೆ 'ಖಾದಿ' ಎಂದಷ್ಟೇ ಇದೆ.
ಜೈಲಿಂದ ಬಂದ ಸೊಂಟ ಇಪ್ಪತ್ತೆಂಟು.

ಐವತ್ತೆರಡರಲ್ಲಿ ಶಾಸಕರು. ಒಳಗೊಂದು ಜೇಬು ಹೆಚ್ಚಿಗೆ:
"ಅರ್ಜಿ ಇಡೋಕೆ. ಎಡಗಡೆಗೇ ಹೊಲಿ."
ಮಾಸ್ತರರ ವರ್ಗಾವಣೆ, ಕಾಲುಸಂಕ, ಗೇಣಿಯವರ ಹೆಬ್ಬೆಟ್ಟು...
ಗುಂಡಿ ಹಾಕಿಸಲು ಬಂದಾಗಲೆಲ್ಲ
ಆ ಜೇಬಿನ ಅಸ್ತರಿಗೆ ನೀಲಿ ಶಾಯಿ ಹತ್ತಿರುತ್ತಿತ್ತು.

ಐವತ್ತೇಳು. ದಿಲ್ಲಿ. ಉಣ್ಣೆಯ ಕೋಟು, ಎದೆ ನಲವತ್ತು.
ಅಷ್ಟರಲ್ಲಿ ಶರಾವತಿಗೆ ಕಟ್ಟೆಯ ಕೆಲಸ.
ಬೆಳಕು ಬರುತ್ತೆ ಎಂದು ಊರೂರು ತಿರುಗಿ ಹೇಳಿದ್ದು ಅವರೇ.
ಬಾಗಿಲ ದಾರಂದ, ಬೀಸುವ ಕಲ್ಲು, ಬುಟ್ಟಿಯಲ್ಲಿ ಹೇಟೆ,
ಲಾರಿ ಮೇಲೆ ಲಾರಿ ಇದೇ ಬೀದಿಯಲ್ಲಿ ಹೋದವು.
ಒಂದು ಲಾರಿ ಕೆಟ್ಟು ನಿಂತಿತು, ನಮ್ಮೆದುರಿಗೇ.
ಇಳಿದವಳು ಗುತ್ಯಮ್ಮ, ಒಳಗೆ ಬಂದು ಕೇಳಿದಳು:
"ಒಡೆಯಾ, ಹೊಲಿಗೆ ಬಿಚ್ಚಿದ್ರೆ ಬಟ್ಟೆ ಮತ್ತೆ ಒಂದಾಗ್ತದಾ?"
ಅಪ್ಪನ ಬಾಯ ತುಂಬ ಗುಂಡುಪಿನ್ನು.
ಲೋಕಸಭೆಯ ಸದಸ್ಯರು
ಒಂದೇ ತೋಳಿನ ಕೋಟಿನಲ್ಲಿ ನಿಂತಿದ್ದರು.
ನಾನು, ಎಂಟು ವರ್ಷದವನು, ಸೀಮೆಸುಣ್ಣ ಹಿಡಿದಿದ್ದೆ.

ಅರವತ್ತೆರಡು: ಸೋಲು. ಪುಟದಲ್ಲಿ ಏನೂ ಇಲ್ಲ.

ಅರವತ್ತೊಂಬತ್ತು, ನನ್ನ ಕೈಬರಹ:
'ಉಣ್ಣೆ ಕೋಟು ಸಣ್ಣ ಮಾಡುವುದು. ಎದೆ ಮೂವತ್ತೈದು.
ಒಳಜೇಬು ಬಿಚ್ಚಬಾರದು ಅಂದಿದ್ದಾರೆ.'
ಬಿಚ್ಚಿದೆ. ಬಿಚ್ಚದೆ ಅಸ್ತರು ಹಿಡಿಯುವುದು ಹೇಗೆ?
ನಾಕು ಮಡಿಕೆಯ ಕಾಗದ, ಊರು ಬಿಟ್ಟ ಮನೆಗಳ ಪಟ್ಟಿ,
ಭೂಮಿ ಸಿಕ್ಕವರ ಮುಂದೆ ಗೀಟು.
ಗೀಟು ಹದಿನೇಳು. ಹೆಸರು ಎಣಿಸಲಿಲ್ಲ.
ಇದ್ದ ಹಾಗೇ ಇಟ್ಟು ಹೊಲಿದೆ.

ಕೋಟು ಒಯ್ಯಲು ಅವರು ಬರಲಿಲ್ಲ.
ಬಂದವರು ಮೊನ್ನೆ, ಪುರಸಭೆಯವರು:
ಶತಮಾನೋತ್ಸವವಂತೆ, ಕಂಚಿನ ಪ್ರತಿಮೆಯಂತೆ,
ಶಿಲ್ಪಿಗೆ ಅಳತೆ ಬೇಕಂತೆ.
ಪುಸ್ತಕ ತೆಗೆದೆ. ಯಾವ ವರ್ಷದ್ದು ಕೊಡಲಿ ಅಂದೆ.
ಅವರು ಒಬ್ಬರ ಮುಖ ಒಬ್ಬರು ನೋಡಿ,
"ಗೆದ್ದಾಗಿನದು" ಅಂದರು.