ಮಡಕೆಯೊಳಗಿನ ಗೂಡು

ಐವತ್ತು ವರ್ಷದ ನೆನಪಿನ ಸಂಚಿಕೆಗೆ
ಕ್ಲಬ್ಬಿನ ಇತಿಹಾಸ ನಾಲ್ಕು ಪುಟ ಬರೆದುಕೊಡಿ ಮೇಡಂ,
ಕನ್ನಡ ಪಾಠ ಹೇಳುವವರು ನೀವೇ ಸರಿ, ಅಂದರು.
ನಡಾವಳಿ ಪುಸ್ತಕ ಏಳು. ಮೊದಲನೆಯದರ
ಮೂಲೆಗಳನ್ನು ಗೆದ್ದಲು ತಿಂದಿದೆ, ಶಾಯಿಯನ್ನು ಬಿಟ್ಟಿದೆ.

ಎಪ್ಪತ್ತೊಂದನೇ ಇಸವಿ, ಶಿಡ್ಲಘಟ್ಟ,
ನಮ್ಮಪ್ಪನ ಔಷಧಿ ಅಂಗಡಿಯ ಹಿಂದಿನ ಕೋಣೆ,
ಟಿಂಚರ್ ವಾಸನೆಯಲ್ಲಿ ಹದಿನಾಲ್ಕು ಜನ.
ಡಾಕ್ಟರ್ ಸತ್ಯಮೂರ್ತಿ, ವಕೀಲ ಕೇಶವರಾಯರು,
ಹೆಡ್‌ಮಾಸ್ಟರ್ ಮುನಿಶಾಮಪ್ಪ,
ನಲವತ್ತು ಬೇಸಿನ್ನಿನ ಅಜೀಜುಲ್ಲಾ ಸಾಹೇಬರು,
ಖಜಾಂಚಿ ಟಿ. ಸುಬ್ಬರಾಮಶೆಟ್ಟಿ, ಅಂದರೆ ನಮ್ಮಪ್ಪ.
ಸಭೆಗೊಂದು ಗಂಟೆ ಬೇಕಿತ್ತು,
ಇಸ್ಕೂಲಿನ ಹಳೇ ಗಂಟೆಯನ್ನೇ ತಂದರು. ಅದು ಬಡಿದಾಗೆಲ್ಲ
ಪಕ್ಕದ ಬೀದಿಯ ಹುಡುಗರು ಮನೆಗೆ ಓಡುತ್ತಿದ್ದರಂತೆ.

ಮೊದಲ ನಿರ್ಣಯ: ಬಸ್ ಸ್ಟ್ಯಾಂಡಿನಲ್ಲಿ ಕುಡಿಯುವ ನೀರಿನ ತೊಟ್ಟಿ.
ಎರಡನೆಯದು: ತೊಟ್ಟಿಯ ಲೋಟಕ್ಕೆ ಸರಪಳಿ.
ಮೂರನೆಯದು: ಸರಪಳಿ ಕದ್ದವರ ಬಗ್ಗೆ ವಿಷಾದ.

ಆಮೇಲೆ ಕಣ್ಣಿನ ಶಿಬಿರ.
ಸಾದಲಿಯಿಂದ, ಗಂಜಿಗುಂಟೆಯಿಂದ, ದಿಬ್ಬೂರಹಳ್ಳಿಯಿಂದ
ಮುದುಕರನ್ನು ಕೂರಿಸಿಕೊಂಡು ಬಂದದ್ದು,
ಹಸಿರು ಪಟ್ಟಿ ಕಟ್ಟಿದ ಮೇಲೆ ಮನೆಬಾಗಿಲಿಗೇ ಬಿಟ್ಟದ್ದು
ಪ್ಯಾರೇಜಾನ್‌ನ ಜಟಕಾ. ಪುಸ್ತಕದಲ್ಲಿ ಅದು ಹೀಗಿದೆ:
‘ಕುದುರೆಗೆ ಹುಲ್ಲು, ಎರಡೂಕಾಲು ರೂಪಾಯಿ.’

ಎಪ್ಪತ್ತಮೂರರಲ್ಲಿ ಡಾಕ್ಟರು ಅವನ ಹೆಸರು ಸೂಚಿಸಿದರು.

ಮತ ಹಾಕುತ್ತಿದ್ದ ಬಗೆಯನ್ನು ಹೊರಗಿನವರಿಗೆ ಹೇಳಬೇಕು.
ರೇಷ್ಮೆಯ ಊರು ನಮ್ಮದು. ಒಬ್ಬೊಬ್ಬರ ಕೈಗೂ ಎರಡು ಗೂಡು,
ಹಳದಿಯದೊಂದು, ಆಗಿನ್ನೂ ಊರಿಗೆ ಹೊಸತಾಗಿದ್ದ ಬಿಳಿಯದೊಂದು.
ಬಾಯಿಗೆ ಬಟ್ಟೆ ಕಟ್ಟಿದ ಮಡಕೆ. ಒಂದನ್ನು ಒಳಗೆ ಬಿಡಬೇಕು,
ಇನ್ನೊಂದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಬೇಕು.
ಬಿಳಿ ಎಂದರೆ ಬರಲಿ. ಹಳದಿ ಒಂದೇ ಒಂದು ಬಿದ್ದರೂ ಬೇಡ.
ಮಡಕೆ ಬೋರಲು ಹಾಕಿದರೆ ಸದ್ದೇ ಆಗುವುದಿಲ್ಲ. ಗೂಡು ಹಗುರ.

ಹದಿಮೂರು ಬಿಳಿ. ಒಂದು ಹಳದಿ.
ಮುಂದಿನ ಸಾಲು: ‘ಚಹಾದೊಂದಿಗೆ ಸಭೆ ಮುಕ್ತಾಯ.’

ನನಗಾಗ ಒಂಬತ್ತು ವರ್ಷ. ವಾರ ಕಳೆದಿರಬೇಕು,
ಅಮ್ಮ ಬೀರು ತೆಗೆದಳು. ಅಪ್ಪನ ಸಭೆಯ ಕರೀ ಕೋಟಿನ ಮೇಲೆ
ಹಾರಲು ಬಾರದ ಚಿಟ್ಟೆಯೊಂದು ರೆಕ್ಕೆ ನಡುಗಿಸುತ್ತ ಕೂತಿತ್ತು.
ಜೇಬಿನಲ್ಲಿ ತುದಿ ತೂತಾದ ಗೂಡು, ಒದ್ದೆ ಕಲೆ.
ತೂತು ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ ಅಂತ
ನಮ್ಮೂರಲ್ಲಿ ಕೂಸಿಗೂ ಗೊತ್ತು.
ಯಾವ ಬಣ್ಣ ಅಂತ ನಾನಾವತ್ತು ನೋಡಲಿಲ್ಲವೆಂದು
ಇಷ್ಟು ವರ್ಷ ಅಂದುಕೊಂಡಿದ್ದೆ.
ಬಿಳಿ.

ಪ್ಯಾರೇಜಾನ್ ಮುಂದಿನ ಶಿಬಿರಕ್ಕೂ ಬಂದ, ಅದರ ಮುಂದಿನದಕ್ಕೂ.
ಅವನ ಕೆಮ್ಮಿಗೆ ಔಷಧಿ ಕೊಟ್ಟು ಅಪ್ಪ ಕಾಸು ಬೇಡ ಅನ್ನುವರು.
ಗಾಜಿನ ಪೆಟ್ಟಿಗೆಯ ಮೇಲೆ ಕಾಸು ಇಟ್ಟೇ ಹೋಗುವನು.
ಆಟೋಗಳು ಬಂದವು, ಪುಸ್ತಕದಲ್ಲಿ ಹುಲ್ಲಿನ ಖರ್ಚು ನಿಂತಿತು.

ಹೆಂಗಸರನ್ನು ಸೇರಿಸಿಕೊಂಡದ್ದು ತೊಂಬತ್ತಾರರಲ್ಲಿ, ಕೈ ಎತ್ತಿ.
ನಾನು ಅರವತ್ತೊಂದನೆಯ ಸದಸ್ಯೆ. ಮಡಕೆಯಲ್ಲಿ ಅಷ್ಟೊತ್ತಿಗೆ
ಮನಿಪ್ಲಾಂಟ್ ಹಬ್ಬಿತ್ತು. ಅಪ್ಪ ಎಲ್ಲರಿಗಿಂತ ಮೊದಲು ಕೈ ಎತ್ತಿದರು,
ಎಲ್ಲರೂ ಇಳಿಸಿದ ಮೇಲೂ ಎತ್ತಿಯೇ ಇದ್ದರು.

ಮಡಕೆಯ ವಿಷಯ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ.
ಪ್ರೆಸ್ಸಿನ ಹುಡುಗ ಕರಡು ತಂದಿದ್ದಾನೆ,
ಸ್ಥಾಪಕ ಸದಸ್ಯರು, ಸಾಲಿಗೆ ಐದು ಫೋಟೋ.
ಹದಿನಾಲ್ಕೇ ಇರೋದು ಮೇಡಂ, ಒಂದು ಚೌಕ ಖಾಲಿ ಉಳಿಯುತ್ತೆ,
ಹೂವಿನ ಡಿಸೈನ್ ಹಾಕಲಾ?

ಶಿಬಿರದ ಗ್ರೂಪ್ ಫೋಟೋ ತೆಗೆದುಕೊಟ್ಟೆ.
ಬಲತುದಿಯಲ್ಲಿ, ಚೌಕಟ್ಟಿಗೆ ಸಿಕ್ಕಷ್ಟು.
ಇದು ಆ ಜಾಗಕ್ಕೆ ಸಾಲುತ್ತಾ, ಅಳತೆ ನೋಡು.
‘ಕುದುರೆ ಮುಖಾನಾ ಮೇಡಂ?’
ಅಲ್ಲಪ್ಪ. ಲಗಾಮು ಹಿಡಿದ ಆ ಕೈ.
ಅವನು ನನ್ನ ಮುಖ ನೋಡಿದ, ಫೋಟೋ ನೋಡಿದ,
ಜೇಬಿನಿಂದ ಪೆನ್ನು ತೆಗೆದ.
‘ಹೆಸರು ಹೇಳಿ.’